ಮೊಮ್ಮಗಳ ಮಾರಿ ನೋಡುವ ಹಕ್ಕು

ಕೀಲಿ ಹಾಕಿದ ಮನೆಗೆ ಆಮಂತ್ರಣ ಕೊಡಲು ನಮ್ಮ ನರೋಣಾದಲ್ಲಿ ಒಂದು ಪದ್ಧತಿ ಇದೆ. ಹೊಸ್ತಿಲ ಮೇಲೆ ನಾಲ್ಕು ಕಾಳು ಅಕ್ಕಿ ಇಡಬೇಕು, ಕೀಲಿಗೆ ಕುಂಕುಮ ಹಚ್ಚಬೇಕು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗಬೇಕು. ಅಷ್ಟಾದರೆ ಕರೆದಂತೆ. ಮದುವೆಗೆ, ಬಸುರಿಯ ಕುಬಸಕ್ಕೆ, ಹೊಸ ಮನೆ ಹೊಗುವುದಕ್ಕೆ, ಎಲ್ಲಕ್ಕೂ ಇದು ನಡೆಯುತ್ತದೆ. ಆದರೆ ಬೀಗರಿಗೂ ನಡೆಯುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಯಾರೂ ಕೇಳಿರಲಿಲ್ಲ. ಕೇಳಿದವನು ನನ್ನ ಪಕ್ಕದ ಮನೆಯ ಶಿವರಾಯ. ಅದರಿಂದ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಜನರಿಗೆ ಕೆಲಸ ಕೆಟ್ಟಿತು. ನನ್ನ ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಹರಿಯಿತು.

ಆದದ್ದು ಇಷ್ಟು. ಶಿವರಾಯನ ಸೊಸೆ ಜಯಮಾಲಾ ಹೆರಿಗೆಗೆಂದು ತವರುಮನೆ ಯಡ್ರಾಮಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತು. ಅವಳ ಅಪ್ಪ ಸಿದ್ದಲಿಂಗ ತೊಟ್ಟಿಲು ಕಾರ್ಯಕ್ಕೆ ಕರೆಯಲು ಖುದ್ದು ನರೋಣಾಕ್ಕೆ ಬಂದ. ಆ ಹೊತ್ತಿಗೆ ಶಿವರಾಯನೂ ಅವನ ಹೆಂಡತಿ ಸುಂದರಬಾಯಿಯೂ ತೊಗರಿ ಕೊಯ್ಯಲು ಹೊಲಕ್ಕೆ ಹೋಗಿದ್ದರು. ಸಿದ್ದಲಿಂಗ ಪದ್ಧತಿಯಂತೆ ಅಕ್ಕಿ ಇಟ್ಟ, ಕುಂಕುಮ ಹಚ್ಚಿದ, ನನ್ನ ಮನೆಯಲ್ಲಿ ಚಹಾ ಕುಡಿದ. "ಬಸ್ ತಪ್ತದ ಸೈದಪ್ಪಣ್ಣ, ಬೀಗರಿಗಿ ಹೇಳಿಬಿಡ್ರಿ" ಎಂದು ಹೋದ. ಸಂಜೆ ನಾನು ಹೇಳಿದೆ.

ಶಿವರಾಯ ಕೀಲಿಯ ಮೇಲಿನ ಕುಂಕುಮವನ್ನು ಬಹಳ ಹೊತ್ತು ನೋಡಿದ.

"ಅಂವ ನನ್ನ ಕರದಿಲ್ಲ. ಕೀಲಿನ ಕರದಾನ. ಕೀಲಿ ಹೋಗ್ಲಿ ತೊಟ್ಟಲಕ್ಕ."

"ಫೋನೂ ಹಚ್ಚಿದ್ನಂತೋ ಮಾರಾಯ. ಹೊಲದಾಗ ನಿಂದು ಹತ್ತಿಲ್ಲ."

"ಫೋನಿನ್ಯಾಗ ಕರ್ಯಾಕ ನಾ ಏನ್ ಗ್ಯಾಸ್ ಸಿಲಿಂಡರ್ ಏನು?"

ಸುಂದರಬಾಯಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೀಲಿಕೈ ತೆಗೆದು ಬಾಗಿಲು ತೆರೆದಳು. "ಕೀಲಿಕೈ ನನ್ನ ಸೊಂಟದಾಗ ಇರ್ತದ. ಅಂದ ಮ್ಯಾಲ ಕೀಲಿನ ಕರದ್ರ ನನ್ನ ಕರದಂಗ. ನಾ ಹೋಗ್ತೇನಿ" ಎಂದಳು. ಹೇಳಿದಂತೆ ಓಣಿಯ ಹೆಂಗಸರನ್ನು ಕರೆದುಕೊಂಡು ಹೋದಳು. ತೊಟ್ಟಿಲು ತೂಗಿ, ಹೊಟ್ಟೆ ತುಂಬ ಉಂಡು ಬಂದಳು.

ಇಲ್ಲಿ ಶಿವರಾಯನ ವಿಷಯ ಸ್ವಲ್ಪ ಹೇಳಬೇಕು. ಹಿಂದೊಮ್ಮೆ ಊರಲ್ಲಿ ಪಂಪ್‌ಸೆಟ್ ಕಳವಾದಾಗ ಪೊಲೀಸರು ಪಂಚನಾಮೆಗೆ ಇವನ ಸಹಿ ಹಾಕಿಸಿಕೊಂಡಿದ್ದರು. ಆಮೇಲೆ ಆಳಂದದ ಕೋರ್ಟಿನಲ್ಲಿ ಸಾಕ್ಷಿ ಹೇಳಿಸಿದರು. ಪಂಚನಾಮೆಯನ್ನು ಇವನು ಬಾಯಿಪಾಠ ಮಾಡಿಕೊಂಡು ಹೋಗಿ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಜಜ್ ಸಾಹೇಬರು "ಸಾಕು, ಇಳಿಯಿರಿ" ಎಂದರು. ತನ್ನ ಸಾಕ್ಷಿ ಅಷ್ಟಕ್ಕೇ ಸಾಕಾಯಿತು ಎಂದು ಶಿವರಾಯ ತಿಳಿದುಕೊಂಡ. ಅಂದಿನಿಂದ ಅವನಿಗೆ ಕಾನೂನು ಗೊತ್ತು.

ತೊಟ್ಟಿಲಿನಿಂದ ಹೆಂಡತಿ ಮರಳಿದ ದಿನ ಅವನು ಕಟ್ಟೆಯ ಮೇಲೆ ಕೂತು, ಎಲ್ಲೋ ನೋಡುತ್ತ ಕೇಳಿದ: "ಕೂಸು ಯಾರಂಗದ?"

"ಹೋಗಿ ನೋಡ್ರಿ."

"ಮೂಗು ಹ್ಯಾಂಗದ ಅಂತರೆ ಹೇಳು."

"ಮಾರಿ ನಡುವ ಅದ."

ಫೋಟೊ ನೋಡೋಣವೆಂದರೆ ಅದೂ ಇಲ್ಲ. ಹಲ್ಲು ಬರುವತನಕ ಕೂಸಿನ ಫೋಟೊ ತೆಗೆದರೆ ದೃಷ್ಟಿ ತಾಕುತ್ತದೆ ಎಂದು ಯಡ್ರಾಮಿಯ ಬೀಗತಿ ಬಸವೇಶ್ವರಿ ಕಟ್ಟಪ್ಪಣೆ ಮಾಡಿದ್ದಳು. ಐದನೇ ತಿಂಗಳವರೆಗೆ ಬಾಣಂತಿ ಹೊಸ್ತಿಲು ದಾಟುವ ಹಾಗೂ ಇರಲಿಲ್ಲ. ಮಗ ಶಾಂತಕುಮಾರ ಅಫಜಲಪುರದಲ್ಲಿ ಕರೆಂಟಿನ ಆಫೀಸಿನಲ್ಲಿದ್ದಾನೆ, ಪ್ರತಿ ರವಿವಾರ ಯಡ್ರಾಮಿಗೆ ಹೋಗಿಬರುತ್ತಾನೆ. ಅವನಿಗೆ ಫೋನು ಹಚ್ಚಿ ಕೇಳಿದರೆ, "ಕೂಸು ಕೂಸಿನಂಗೇ ಅದಪ್ಪಾ" ಎಂದ. ತೊಟ್ಟಿಲಿಗೆ ಹೋಗಿದ್ದ ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬಳಿಗೆ ಅದು ಅವ್ವನಂತೆ ಕಂಡಿತ್ತು, ಇನ್ನೊಬ್ಬಳಿಗೆ ಸಿದ್ದಲಿಂಗನಂತೆ. ಮೂರನೆಯವಳು ಶಿವರಾಯನ ತೀರಿಹೋದ ತಾಯಿಯೇ ಮರಳಿ ಬಂದಿದ್ದಾಳೆ ಎಂದುಬಿಟ್ಟಳು. ಆ ಮಾತು ಕೇಳಿದ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲ. ಪಾಪ, ಅವನಿಗೆ ಆ ಕೂಸನ್ನು ನೋಡಲೇಬೇಕಾಗಿತ್ತು. ಕರೆಯದೆ ಹೋಗಲು ಮಾತ್ರ ಕಾಲು ಏಳುತ್ತಿರಲಿಲ್ಲ.

ಹುಸೇನಪೀರನ ಚಹಾದಂಗಡಿ ನಮ್ಮೂರಿನ ಕುತೂಹಲದ ಹೆಡ್ ಆಫೀಸು. ಕೂಸು ಯಾರಂತಿದೆ ಎಂಬುದು ಅಲ್ಲಿ ತೊಗರಿಯ ರೇಟಿಗಿಂತ ದೊಡ್ಡ ಚರ್ಚೆಯಾಯಿತು. ಒಂದು ಮುಂಜಾನೆ ಶಿವರಾಯ ಅಲ್ಲಿಗೆ ಬಂದು ಮೊಬೈಲಿನಲ್ಲಿ ಬಂದ ಒಂದು ಸುದ್ದಿಯನ್ನು ಎತ್ತಿ ಹಿಡಿದ.

"ಕೇಳ್ರಿ ಎಲ್ಲಾರೂ. ಮುತ್ಯಾಗ ಮೊಮ್ಮಕ್ಕಳನ್ನ ನೋಡೋ ಹಕ್ಕದ. ಕೋರ್ಟು ಆರ್ಡರ್ ಮಾಡ್ಯದಂತ. ಇನ್ನ ನಂಗ ಯಾರ ಕರೀನೂ ಬ್ಯಾಡ. ಕೋರ್ಟೇ ಕರದಂಗ."

ಅವನ ತರ್ಕ ನನಗೆ ಆಗ ಹೊಳೆಯಿತು. ಕೋರ್ಟಿನ ಆದೇಶ ಹಿಡಿದು ಹೋದರೆ ಕರೆಯದೆ ಹೋದ ಎಂದು ಯಾರೂ ಆಡಿಕೊಳ್ಳುವಂತಿಲ್ಲ. ಮಾನವೂ ಉಳಿಯುತ್ತದೆ, ಮೊಮ್ಮಗಳೂ ಸಿಗುತ್ತಾಳೆ. ಹುಚ್ಚುತನಕ್ಕೂ ಒಂದು ಅಚ್ಚುಕಟ್ಟು ಇರುತ್ತದೆ. ಅದನ್ನು ನೋಡಬೇಕೆಂಬ ಆಸೆಗೆ ನಾನು ಬೈಕು ತೆಗೆದೆ.

ಆಳಂದದಲ್ಲಿ ವಕೀಲೆ ಮುಮತಾಜ ಅವರ ಆಫೀಸು. ಅವರು ಶಾಂತವಾಗಿ ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಕಾಕಾ, ಕೂಸಿನ್ನ ನೋಡಾಕ ನಿಮ್ಮನ್ನ ಯಾರು ತಡದಾರ?"

"ಯಾರೂ ತಡದಿಲ್ರಿ."

"ಮತ್ತ?"

"ಕರದಿಲ್ಲ."

"ಬರಬ್ಯಾಡ್ರಿ ಅಂದಾರೇನು?"

"ಹಂಗ ಅಂದಿದ್ರ ಚಲೋ ಆಗ್ತಿತ್ರಿ ವಕೀಲಬಾಯಿ, ಕೇಸು ಗಟ್ಟಿ ಆಗ್ತಿತ್ತು. ಬರ್ರಿ ಅಂದಾರ. ಆದ್ರ ಕೀಲಿಗಿ ಅಂದಾರ."

ಮುಮತಾಜ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ನೋಡ್ರಿ ಕಾಕಾ, ಮುತ್ಯಾ-ಆಯಿಗಳಿಗೆ ಅಂತ ಬ್ಯಾರೆ ಕಾಯ್ದೆ ಇಲ್ಲ. ಆದ್ರ ಎಷ್ಟೋ ಕೇಸಿನ್ಯಾಗ ಕೋರ್ಟು ಭೇಟಿಗಿ ಅವಕಾಶ ಕೊಟ್ಟದ, ಖರೆ. ಅವು ಎಂಥ ಕೇಸು ಗೊತ್ತೇನು? ಅಪ್ಪ-ಅವ್ವ ಬ್ಯಾರೆ ಆಗಿರ್ತಾರ, ಇಲ್ಲಾ ಒಬ್ರು ತೀರಿಕೊಂಡಿರ್ತಾರ. ಮೊನ್ನೆ ಒಬ್ಬ ಆಯಿ ಇದೇ ಕುರ್ಚಿಮ್ಯಾಲ ಕುಂತು ಅತ್ತು ಹೋದ್ರು. ಮಗ ಸತ್ತಾನ, ಮೊಮ್ಮಗನ ಸಾಲಿ ಮುಂದ ನಿಂತು ದೂರದಿಂದ ನೋಡಿ ಬರ್ತಾರ. ಅವರಿಗಿ ಬಾಗಲಾ ಹಾಕ್ಯಾರ. ನಿಮಗ ತೆರದಾರ. ಬಸ್ ಹತ್ತಿ ಹೋಗಿಬರ್ರಿ."

ಶಿವರಾಯ ಒಂದು ಕ್ಷಣ ತಲೆ ತಗ್ಗಿಸಿದ. ಆದರೆ ಪಂಚನಾಗಿದ್ದವನು ಅಷ್ಟಕ್ಕೆ ಸೋಲುತ್ತಾನೆಯೇ?

"ಆದ್ರೂ ಕೇಸು ಹಾಕಿದ್ವಿ ಅಂತ ಇಟ್ಕೊಳ್ರಿ. ಜಜ್ ಸಾಹೇಬ್ರು ಏನ್ ಕೇಳ್ತಾರ?"

"ನಿಮ್ಮ ಹಕ್ಕು ಕೇಳಂಗಿಲ್ಲ. ಕೂಸಿನ ಹಿತ ಕೇಳ್ತಾರ. ನೀವು ಬಂದ್ರ ಕೂಸಿಗಿ ಏನು ಚಲೋ ಆಗ್ತದ? ಅದಕ್ಕ ಜವಾಬು ಅದ ಏನು?"

ಆಳಂದದಿಂದ ನರೋಣಾಕ್ಕೆ ಬರುವವರೆಗೂ ಅವನು ಸೀಟಿನ ಹರಿದ ಜಾಗದಲ್ಲಿ ಬೆರಳಾಡಿಸುತ್ತ ಆ ಪ್ರಶ್ನೆಯನ್ನೇ ಗುನುಗುತ್ತಿದ್ದ. ಸೀಟು ಇನ್ನಷ್ಟು ಹರಿಯಿತು.

ಮರುದಿನದಿಂದ ಅವನು, ತಾನು ಬಂದರೆ ಕೂಸಿಗೆ ಒಳ್ಳೆಯದು ಎಂಬುದಕ್ಕೆ ಸಾಕ್ಷ್ಯ ಕೂಡಿಸಲು ಶುರು ಮಾಡಿದ. ಮೊದಲು ಮನೆಯಲ್ಲೇ ವಿಚಾರಣೆ ನಡೆಯಿತು.

"ನಾ ಶಾಂತಕುಮಾರನ್ನ ಆಡಿಸಿದ್ದು ನೆನಪದ ಏನಬೇ?"

"ಅದ" ಎಂದಳು ಸುಂದರಬಾಯಿ. "ಒಂದೇ ಸಲ ಎತ್ತೀರಿ. ಅದೂ ತಲಿ ಕೆಳಗ ಮಾಡಿ."

ಸಾಕ್ಷಿ ಪ್ರತಿಕೂಲವಾಯಿತು. ಕೂಸು ಎತ್ತುವುದನ್ನು ಕಲಿಯಲು ಶಿವರಾಯ ಹಿಂದಿನ ಓಣಿಯ ಖಾಸೀಂಬಿಯ ಮನೆಗೆ ಹೋದ. ಅವಳ ಮಗಳ ಕೂಸು ಆಗ ಅಲ್ಲಿತ್ತು. ಖಾಸೀಂಬಿ ಊರಿನ ಅರ್ಧ ಮಕ್ಕಳಿಗೆ ನೀರೆರೆದು ಬೆಳೆಸಿದವಳು, ಯಾರಿಗೂ ಹೆದರುವವಳಲ್ಲ.

"ಅರೆ ಭಾಯಿ, ಕೂಸು ಹಿಡದೀರೋ ಜ್ವಾಳದ ಚೀಲ ಹಿಡದೀರೋ? ಐಸಾ ನಕೋ, ಹಂಗ ಬ್ಯಾಡ. ಎಡಗಡಿ ಎದಿಗಿ ಹಚ್ಚಿಕೋರಿ. ಕುತಗಿಗಿ ಕೈ ಕೊಡ್ರಿ. ಹಾಂ, ಈಗ ತಿರಗ್ರಿ. ನಿಂತ್ರ ಏಳ್ತದ ನೋಡ್ರಿ. ಏನರೆ ಹಾಡ್ರಿ!"

ಶಿವರಾಯನಿಗೆ ಜೋಗುಳ ಬರುತ್ತಿರಲಿಲ್ಲ. ಬಾಯಿಪಾಠ ಬರುತ್ತಿದ್ದದ್ದು ಒಂದೇ. ಕಣ್ಣು ಮುಚ್ಚಿ ಶುರು ಮಾಡಿದ: "ಸದರಿ ಸ್ಥಳದಲ್ಲಿ ಪಂಚರ ಸಮಕ್ಷಮ ಹಾಜರಿದ್ದು ಪರಿಶೀಲಿಸಲಾಗಿ, ಬಾವಿಯ ಪೂರ್ವ ದಿಕ್ಕಿಗೆ ಹಸಿರು ಬಣ್ಣದ ಪಂಪ್‌ಸೆಟ್ ಇರಬೇಕಾದ ಜಾಗದಲ್ಲಿ ಪಂಪ್‌ಸೆಟ್ ಇರುವುದಿಲ್ಲ..." ಪಂಪ್‌ಸೆಟ್ ಇಲ್ಲದಿರುವುದು ಖಚಿತವಾಗುವ ಮೊದಲೇ ಕೂಸು ಮಲಗಿತ್ತು. ಬಾಗಿಲಲ್ಲಿ ನಿಂತಿದ್ದ ನನಗೂ ಆಕಳಿಕೆ ಬಂತು.

ಸುದ್ದಿ ಹಬ್ಬಿತು. ನಿದ್ದೆ ಮಾಡದ ಮಕ್ಕಳನ್ನು ತಾಯಂದಿರು ಶಿವರಾಯನ ಕಟ್ಟೆಗೆ ತಂದು ಬಿಡತೊಡಗಿದರು. ಅವನು ಒಂದೊಂದನ್ನೇ ಎದೆಗೆ ಹಚ್ಚಿಕೊಂಡು ಪಂಚನಾಮೆ ಹೇಳುತ್ತ ಅಂಗಳ ತುಂಬ ತಿರುಗುತ್ತಿದ್ದ. ಹುಸೇನಪೀರ ಜಜ್ ಸಾಹೇಬನಂತೆ ಕಾಲ ಮೇಲೆ ಕಾಲು ಹಾಕಿ ಕೂತು, "ಮುಂದಿನ ತಾರೀಖಿಗಿ ಮುದ್ದತ್ ಕೊಟ್ಟೇವಿ, ಮುಂದಿನ ಸಾಕ್ಷಿ ಕರೀರಿ!" ಎನ್ನುತ್ತಿದ್ದ. ಮುಂದಿನ ಸಾಕ್ಷಿ ಅಳುತ್ತ ಬರುತ್ತಿತ್ತು.

ಇತ್ತ ಇದು ನಡೆದಿರುವಾಗ ಅತ್ತ ಇನ್ನೊಂದು ಸುದ್ದಿ ಬಸ್ಸು ಹತ್ತಿತ್ತು. ನರೋಣಾ ಬಿಡುವಾಗ ಅದು "ಶಿವರಾಯ ವಕೀಲರ ಹತ್ತಿರ ಹೋಗಿದ್ದ" ಎಂಬಷ್ಟೇ ಇತ್ತು. ಅಫಜಲಪುರದಲ್ಲಿ "ಬೀಗರ ಮೇಲೆ ಕೇಸು ಹಾಕಿದ" ಎಂದಾಯಿತು. ಜೇವರ್ಗಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಮಗ ಸೊಸೆಗೆ ವಿಚ್ಛೇದನದ ಸೋಡಚೀಟಿ ಕೊಟ್ಟಾಗಿತ್ತು. ಯಡ್ರಾಮಿ ಮುಟ್ಟಿದಾಗ ಪೊಲೀಸರು ಕೂಸನ್ನು ಎತ್ತಿಕೊಂಡು ಹೋಗಲು ಜೀಪು ಹತ್ತಿದ್ದರು.

ಬಸವೇಶ್ವರಿ ತೊಟ್ಟಿಲನ್ನು ಪಡಸಾಲೆಯಿಂದ ದೇವರ ಮನೆಗೆ ಸರಿಸಿದಳು. ಅಫಜಲಪುರದಲ್ಲಿ ಶಾಂತಕುಮಾರನ ಮನೆ ಮಾಲಕಿ ಸುಭದ್ರಾಬಾಯಿ ಕಣ್ಣೊರೆಸಿಕೊಳ್ಳುತ್ತ ಹೋಳಿಗೆ ತಂದುಕೊಟ್ಟಳು. "ಹಂಗೇನೂ ಆಗಿಲ್ರಿ ಆಯಿ" ಎಂದರೆ, "ಮನಸಿನ್ಯಾಗ ಇಟ್ಕೋಬ್ಯಾಡಪ್ಪ, ಅತ್ತಬಿಡು" ಎಂದಳು. ಆಫೀಸಿನ ಸಾಹೇಬರು ಕರೆದು, ಸಂಸಾರದಲ್ಲಿ ತಾಳ್ಮೆ ಬೇಕು ಎಂದು ಬುದ್ಧಿ ಹೇಳಿದರು. ಅವನು ಅಲ್ಲಗಳೆದಷ್ಟೂ ಜನರ ಕನಿಕರ ಹೆಚ್ಚಿತು. ಹೋಳಿಗೆಯೂ ಹೆಚ್ಚಿತು.

ಕೊನೆಗೆ ಈ ಸಂಬಂಧ ಕುದುರಿಸಿದ್ದ ಕಲ್ಯಾಣಕುಮಾರ ನಡುವೆ ಬಂದ. ಜೇವರ್ಗಿಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಎರಡೂ ಕಡೆಯವರನ್ನು ಅಲ್ಲಿಗೇ ಕರೆಸಿದ. ಒಂದು ಸಾಲು ಯೂರಿಯಾ ಚೀಲಗಳ ಮೇಲೆ ಶಿವರಾಯ ಮತ್ತು ನಾನು, ಎದುರಿನ ಸಾಲಿನ ಮೇಲೆ ಸಿದ್ದಲಿಂಗ.

"ಬೀಗ್ರ, ನಾ ಕುಂಕುಮ ಹಚ್ಚಿ ಬಂದೇನಿ!" ಎಂದ ಸಿದ್ದಲಿಂಗ.

"ಕೀಲಿಗಿ ಹಚ್ಚೀರಿ. ಹಣಿಗಿ ಹಚ್ಚಿಲ್ಲ."

"ಹಣಿ ಹೊಲದಾಗಿತ್ತಲ್ರಿ!"

"ಹೊಲಕ್ಕ ದಾರಿ ಇರಲಿಲ್ಲೇನು?"

ಕಲ್ಯಾಣಕುಮಾರ ಇಬ್ಬರಿಗೂ ನೀರು ಕೊಟ್ಟ. ನೀರು ಕುಡಿದ ಮೇಲೆ ಸಿದ್ದಲಿಂಗನ ದನಿ ಬದಲಾಯಿತು.

"ಹಕ್ಕು, ಹಕ್ಕು ಅಂತೀರಿ. ಐದನೇ ತಿಂಗಳ ಮುಗಿಯೋದ್ರಾಗ ಕೂಸಿನ್ನ ನೀವು ಒಯ್ತೀರಿ. ಆಮ್ಯಾಲ ದಿನಾ ಅದರ ಮಾರಿ ನೋಡೋರು ನೀವು. ನನಗೇನು ಹಕ್ಕದ? ನಾನೂ ಮುತ್ಯಾನೇ ಅದೇನಿ."

ಶಿವರಾಯನಿಗೆ ಈ ವಾದ ಅನಿರೀಕ್ಷಿತ. ಎದುರಿಗೆ ಕೂತವನೂ ತನ್ನ ಹಾಗೆಯೇ ಕೂಸು ಕೈತಪ್ಪೀತೆಂದು ಹೆದರಿಕೊಂಡಿದ್ದಾನೆ ಎಂದು ಆಗಲೇ ಅವನಿಗೆ ತಿಳಿದಿರಬೇಕು.

ಎಲ್ಲಿ ಭೇಟಿಯಾಗಬೇಕು ಎಂಬುದಕ್ಕೆ ಮಾತು ಬಂತು. ಬೀಗರ ಮನೆಗೆ ಇವನು ಹೋಗುವುದಿಲ್ಲ. ಕೇಸಿನವನ ಮನೆಗೆ ಅವನು ಕಳಿಸುವುದಿಲ್ಲ. ಬಸ್‌ಸ್ಟ್ಯಾಂಡ್ ಆಗಬಹುದೇ? ಧೂಳು. ಗುಡಿ? ಗದ್ದಲ. ಇದೇ ಅಂಗಡಿ? ಗೊಬ್ಬರದ ವಾಸನೆ. ಅಷ್ಟರಲ್ಲಿ ಕಲ್ಯಾಣಕುಮಾರನ ಫೋನು ರಿಂಗಾಯಿತು. ಜಯಮಾಲಾ ಮಾತಾಡುತ್ತಿದ್ದಳು. ಅವನು ಸ್ಪೀಕರ್ ಹಾಕಿದ.

"ಅಪ್ಪಾ, ಮಾವಾರ, ಇಬ್ರೂ ಕೇಳ್ರಿ. ಕೂಸು ಹಡದಾಕಿ ನಾನು. ನನ್ನ ಒಂದು ಮಾತು ಯಾರರೆ ಕೇಳೀರೇನು? ರವಿವಾರ ನಾ ಅಫಜಲಪುರಕ್ಕ, ನನ್ನ ಗಂಡನ ಮನಿಗಿ ಹೊಂಟೇನಿ. ಹತ್ತರಿಂದ ಹನ್ನೆರಡು ಮಾವಾರು. ಆಮ್ಯಾಲ ಎರಡು ತಾಸು ಅಪ್ಪ. ನಾ ಯಾರನ್ನೂ ಕರ್ಯಾಂಗಿಲ್ಲ. ಬರೋರು ಬರ್ರಿ."

ಹಿಂದಿನಿಂದ ಬಸವೇಶ್ವರಿಯ ದನಿ ಕೇಳಿತು: "ಐದನೇ ತಿಂಗಳ ಮುಗದಿಲ್ಲಬೇ, ಬಾಣಂತಿ ಹೊಸ್ತಿಲ ದಾಟಬಾರದು!"

"ಹಂಗಾದ್ರ ಕಿಟಕಿಯಿಂದ ಇಳಸವ್ವಾ."

ಫೋನು ಕಟ್ಟಾಯಿತು. ಆ ಕೂಸಿಗೆ ತಂದೆ ತಾಯಿ ಇದ್ದಾರೆ, ಅವರನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ನಮ್ಮಲ್ಲಿ ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಟೈಮ್ ಕೊಟ್ಟಾಳ" ಎಂದ ಶಿವರಾಯ ಮೆಲ್ಲಗೆ, ತೃಪ್ತಿಯಿಂದ. "ಇದು ಕರೆ ಅಲ್ಲ, ಆರ್ಡರ್. ಹೋಗ್ಬಹುದು."

ರವಿವಾರ ಅವನು ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಹೊಸ ರುಮಾಲು ಸುತ್ತಿ ಬೈಕು ಹತ್ತಿದ. "ನಾ ನೋಡೇನಿ, ನೀವು ನೋಡಿಬರ್ರಿ" ಎಂದು ಸುಂದರಬಾಯಿ ಶೇಂಗಾದ ಉಂಡಿಯ ಡಬ್ಬಿ ನನ್ನ ಕೈಗೆ ಕೊಟ್ಟಳು. ಹುಸೇನಪೀರ ಅಂಗಡಿಯಿಂದಲೇ ಕೂಗಿದ, "ಯಾರಂಗದ ಅಂತ ನೋಡ್ಕೊಂಡೇ ಬರ್ರಿ ಮುತ್ಯಾ, ಊರೆಲ್ಲಾ ಕಾಯ್ಕೋತ ಕುಂತದ!"

ಅಫಜಲಪುರದ ಮನೆಯ ಕಟ್ಟೆಯ ಮೇಲೆ ಸಿದ್ದಲಿಂಗ ಆಗಲೇ ಬಂದು ಕೂತಿದ್ದ. ಅವನ ಪಾಳಿ ಹನ್ನೆರಡಕ್ಕೆ, ಬೀಗ ಹೊತ್ತು ಮೀರಬಾರದೆಂದು ಕಾವಲು. ಜಯಮಾಲಾ ಬಾಗಿಲಿಗೆ ಬಂದು, "ಮಾವಾರು ಒಬ್ರೇ ಒಳಗ" ಎಂದಳು. ನಾನು ಸಿದ್ದಲಿಂಗನ ಪಕ್ಕ ಕೂತು ಉಂಡಿಯ ಡಬ್ಬಿ ತೆರೆದೆ.

ಒಳಗೆ ಕೂಸು ಓಣಿ ಕೇಳುವಂತೆ ಅಳುತ್ತಿತ್ತು. ಸಿದ್ದಲಿಂಗ ಉಂಡಿ ಕಡಿಯುತ್ತ ಸಮಾಧಾನದಿಂದ ಹೇಳಿದ, "ಯಾರ ಕಡಿನೂ ಸುಮ್ಮ ಇರಂಗಿಲ್ರಿ ಅದು. ನನ್ನ ಕಡಿ ಬಂದ್ರ ಇನ್ನಾ ಜೋರು ಮಾಡ್ತದ. ಇವರ ಕಡಿ ಏನ್ ಇರ್ತದ ಬಿಡ್ರಿ."

ಆಗ ಒಳಗಿನಿಂದ ಶಿವರಾಯನ ದನಿ, ಒಂದೇ ಮಟ್ಟದಲ್ಲಿ: "ಸದರಿ ಸ್ಥಳದಲ್ಲಿ ಪಂಚರ ಸಮಕ್ಷಮ ಹಾಜರಿದ್ದು..."

ಅಳು ತಗ್ಗಿತು. ಆಮೇಲೆ ನಿಂತಿತು. ಸಿದ್ದಲಿಂಗನ ಕೈಯಲ್ಲಿ ಉಂಡಿ ಹಾಗೇ ಉಳಿಯಿತು. ಅವನು ಎದ್ದು ಕಿಟಕಿಗೆ ಹೋದ, ನಾನೂ ಹಿಂದೆ ಹೋದೆ. ಶಿವರಾಯನ ಬೆನ್ನು ಮಾತ್ರ ಕಾಣುತ್ತಿತ್ತು. ಈ ಗೋಡೆಯಿಂದ ಆ ಗೋಡೆಗೆ ಮೆಲ್ಲಗೆ ತಿರುಗುತ್ತಿದ್ದ. ಹೆಗಲ ಮೇಲಿನಿಂದ ಕೂಸಿನ ಕುಂಚಿಗೆಯ ತುದಿ ಇಣುಕುತ್ತಿತ್ತು, ತಲೆಯಿಂದ ಬೆನ್ನಿನವರೆಗೆ ಮುಚ್ಚುವ ದೊಡ್ಡ ಕುಂಚಿಗೆ. ಪಂಚನಾಮೆ ಮುಗಿದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಬಾಗಿಲ ಸಂದಿಯಲ್ಲಿ ಜಯಮಾಲಾ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಣಂತಿಗೆ ಎಷ್ಟು ದಿನದ ನಿದ್ದೆ ಬಾಕಿ ಇತ್ತೋ ಏನೋ.

ಹನ್ನೆರಡಾಯಿತು. ಸಿದ್ದಲಿಂಗ ಕಿಟಕಿ ಬಿಟ್ಟು ಕದಲಲಿಲ್ಲ. ಮತ್ತೂ ಬಹಳ ಹೊತ್ತಾಯಿತು. ಕೊನೆಗೆ ಜಯಮಾಲಾ ಎಚ್ಚರಗೊಂಡು, ಕೂಸನ್ನು ಕುಂಚಿಗೆ ಸಮೇತ ಎತ್ತಿಕೊಂಡು ತೊಟ್ಟಿಲಿಗೆ ಒಯ್ದಳು. ಶಿವರಾಯ ಹೊರಗೆ ಬಂದ. ಅಂಗಿಯ ಎಡಗಡೆ ಜೊಲ್ಲಿನಿಂದ ತೊಯ್ದಿತ್ತು. ಸಿದ್ದಲಿಂಗ ಅವನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದ.

"ಬೀಗ್ರ, ಅದು ಹ್ಯಾಂಗ ಹಿಡೀಬೇಕು, ನನಗೂ ಸ್ವಲ್ಪ ತೋರಸ್ರಿ."

ಶಿವರಾಯ ಅವನ ತೋಳನ್ನು ಸರಿಯಾಗಿ ಮಡಚಿ, ಎಡ ಎದೆಗೆ ಒತ್ತಿ ತೋರಿಸಿದ. "ಕುತಗಿಗಿ ಕೈ ಕೊಡ್ರಿ. ನಿಂತ್ರ ಏಳ್ತದ, ತಿರಗ್ಬೇಕು. ಪಂಚನಾಮೆ ಬರ್ಕೋತೀರೇನು?" ಇಬ್ಬರು ಬೀಗರು ಖಾಲಿ ತೋಳುಗಳನ್ನು ತೂಗುತ್ತ ಅಂಗಳದಲ್ಲಿ ತಿರುಗುವುದನ್ನು ಸುಭದ್ರಾಬಾಯಿ ಮಹಡಿಯಿಂದ ನೋಡಿದಳು. ಆಮೇಲೆ ಆ ಮನೆಗೆ ಹೋಳಿಗೆ ಬರುವುದು ನಿಂತಿತಂತೆ.

ಮರಳಿ ಬರುವಾಗ ದಾರಿಯುದ್ದಕ್ಕೂ ಶಿವರಾಯ ಪಂಚನಾಮೆಯನ್ನೇ ಗುನುಗುತ್ತಿದ್ದ. ಹುಸೇನಪೀರನ ಅಂಗಡಿಯ ಮುಂದೆ ಬೈಕು ನಿಲ್ಲುವಷ್ಟರಲ್ಲಿ ಊರೆಲ್ಲ ಸೇರಿತ್ತು. ಖಾಸೀಂಬಿಯೂ ಬಂದಿದ್ದಳು. ತೊಟ್ಟಿಲಿಗೆ ಹೋಗಿದ್ದ ಮೂವರು ಹೆಂಗಸರು ತಮ್ಮ ತಮ್ಮ ವಾದ ಗೆಲ್ಲುತ್ತದೆಂದು ಮುಂದೆ ನಿಂತಿದ್ದರು.

"ಹೇಳ್ರಿ ಮುತ್ಯಾ" ಎಂದ ಹುಸೇನಪೀರ. "ಯಾರಂಗದ?"

ಶಿವರಾಯ ಬೆಂಚಿನ ಮೇಲೆ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ತೊಯ್ದ ಅಂಗಿಯ ಮೇಲೆ ಒಮ್ಮೆ ಕೈಯಾಡಿಸಿದ.

"ನೋಡಿಲ್ಲ."

"ನೋಡಿಲ್ಲಂದ್ರ? ಅಷ್ಟು ಹೊತ್ತು ಒಳಗಿದ್ದೆಲ್ಲೋ!" ಎಂದೆ ನಾನು. ನನಗೆ ಸಿಟ್ಟೇ ಬಂದಿತ್ತು.

"ಕುಂಚಗಿ ಹಾಕಿದ್ರು, ಅಳ್ತಿತ್ತು, ಸೊಸಿ ಹಂಗೇ ಕೈಗಿ ಕೊಟ್ಟಳು. ಎದಿಗಿ ಹಚ್ಚಿಕೊಂಡೆ. ಮಾರಿ ಎದಿಯಾಗ ಹುದಗಿಸಿ ಮಕ್ಕೊಂಡ್ತು. ಕಡೀತನಕ ಈ ಕಡಿ ತಿರಗಲಿಲ್ಲ."

"ಸ್ವಲ್ಪ ಎಬ್ಬಿಸಿ ನೋಡ್ಬೇಕಿತ್ತಲ್ಲೋ ಮಾರಾಯ! ಇಷ್ಟೆಲ್ಲಾ ರಾಮಾಯಣ ಮಾಡಿದ್ದು ನೋಡಾಕಲ್ಲೇನು?"

ಶಿವರಾಯ ನನ್ನನ್ನು ಕಾನೂನು ತಿಳಿಯದವನನ್ನು ನೋಡುವಂತೆ ನೋಡಿದ.

"ನಂಗ ನೋಡೋ ಹಕ್ಕದ ಸೈದಪ್ಪ" ಎಂದ. "ಎಬ್ಬಸೋ ಹಕ್ಕಿಲ್ಲ."